ಮೇಷ್ಟ್ರಾದ್ಯಲ್ಲ, ಇನ್ಯಾಕೆ ಎಂ.ಎ.? ಅನ್ನುವವರಿಗೆ



ಹಾಸ್ಟೆಲಿನಲ್ಲಿ ಓದಿ, ಡಿ.ಇಡಿ., ಬಿ.ಇಡಿ. ಮುಗಿಸಿ ಮೇಷ್ಟ್ರಾದ ನಮ್ಮ ಹುಡುಗ ಹುಡುಗಿಯರನ್ನು ಈ ಎರಡು ತಾಲೂಕಿನಲ್ಲಿ ಒಂದು ಮಾತು ಬೆನ್ನು ಹತ್ತಿದೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತದೆ, ಸೊರಬದ ಸಂತೆಯಲ್ಲಿ ಕೇಳುತ್ತದೆ, ಶಾಲೆಯ ಸ್ಟಾಫ್ ರೂಮಿನಲ್ಲಿ ಚಾ ಕುಡಿಯುವಾಗ ಕೇಳುತ್ತದೆ. "ಮೇಷ್ಟ್ರಾದ್ಯಲ್ಲ, ಇನ್ಯಾಕೋ ಎಂ.ಎ.? ಸಾಕು ಬಿಡು." ಹೇಳುವವರ ಮುಖದಲ್ಲಿ ನಗು ಇರುತ್ತದೆ, ಹಿತ ಬಯಸುವವರ ಧಾಟಿ ಇರುತ್ತದೆ. ಆದರೆ "ಸಾಕು" ಎಂಬ ಈ ಎರಡಕ್ಷರದೊಳಗೆ ಎಷ್ಟು ನೂರು ವರ್ಷದ ಅಹಂಕಾರ ಕೂತಿದೆ ಅನ್ನುವುದನ್ನು ಬಿಚ್ಚಿ ನೋಡಲೇಬೇಕು.

ಈ ಪ್ರಶ್ನೆಯನ್ನು ಯಾರಿಗೆ ಕೇಳುತ್ತಾರೆ? ಅಡಿಕೆ ತೋಟದ ಯಜಮಾನರ ಮಗ ಎಂ.ಎ. ಮುಗಿಸಿ, ಬಿ.ಇಡಿ. ಮುಗಿಸಿ, ಅದೂ ಸಾಲದೆ ಹೊರದೇಶಕ್ಕೆ ಹೊರಟರೆ ಊರ ಬಾಗಿಲಿಗೆ ಫ್ಲೆಕ್ಸು ಕಟ್ಟುತ್ತಾರೆ. ಅವನಿಗೆ ಯಾರೂ "ಸಾಕು" ಅನ್ನುವುದಿಲ್ಲ. ನಮ್ಮವನೊಬ್ಬ ಅರ್ಜಿ ಫಾರಂ ತುಂಬಿದ ಕೂಡಲೇ ಊರಿಗೆಲ್ಲ ಒಮ್ಮೆಗೇ ಅರ್ಥಶಾಸ್ತ್ರ ನೆನಪಾಗುತ್ತದೆ. ಖರ್ಚೆಷ್ಟು, ಬರುವುದೆಷ್ಟು, ಮನೆ ಯಾರು ನೋಡ್ತಾರೆ, ವಯಸ್ಸೆಷ್ಟಾಯ್ತು. ಒಬ್ಬನ ಓದು ಸಾಧನೆ, ಇನ್ನೊಬ್ಬನ ಓದು ದುಂದು. ಈ ದೇಶದಲ್ಲಿ ಬಾವಿಗೆ ಜಾತಿ ಇದೆ, ಸ್ಮಶಾನಕ್ಕೆ ಜಾತಿ ಇದೆ. ಪ್ರಶ್ನೆಗೂ ಜಾತಿ ಇದೆ.

ಆದರೆ ಇಲ್ಲೊಂದು ಎಚ್ಚರ ಬೇಕು. ನಮ್ಮವ್ವ "ಸಾಕು" ಅನ್ನುವುದೇ ಬೇರೆ, ಊರ ದೊಡ್ಡವರು "ಸಾಕು" ಅನ್ನುವುದೇ ಬೇರೆ. ಅವ್ವ ಬುತ್ತಿ ಕಟ್ಟಿಕೊಂಡು ಶುಂಠಿ ಕೀಳಲು ಹೋಗಿ ಸಂಜೆ ಉರಿಯುವ ಕೈಗೆ ಎಣ್ಣೆ ಹಚ್ಚಿಕೊಳ್ಳುವವಳು. ವಾರಕ್ಕೊಮ್ಮೆ ಸಂಘದ ಕಂತು ಕಟ್ಟಬೇಕು. ತಂಗಿಯ ಮದುವೆ ಆಗಬೇಕು. ಮಳೆಗೆ ಮನೆಯ ಹೆಂಚು ಜಾರಿದೆ. ಮಗನ ಮೊದಲ ಸಂಬಳ ಅಂದರೆ ಅವಳಿಗೆ ಹೋದ ಜೀವ ಬಂದ ಹಾಗೆ. ಅವಳ "ಸಾಕು" ಹಸಿವಿನಿಂದ ಬಂದದ್ದು. ಅದಕ್ಕೆ ಭಾಷಣ ಮಾಡಿದರೆ ಆಗದು, ಕೂತು ಲೆಕ್ಕ ಹೇಳಬೇಕು. ಊರ ದೊಡ್ಡವರ "ಸಾಕು" ಹೊಟ್ಟೆಕಿಚ್ಚಿನಿಂದ ಬಂದದ್ದು. ಅದಕ್ಕೆ ಎಂ.ಎ. ಮಾಡಿ ತೋರಿಸುವುದೇ ಉತ್ತರ. ಎರಡನ್ನೂ ಒಂದೇ ಎಂದು ತಿಳಿದು ಅವ್ವನ ಮೇಲೆ ರೇಗುವವನೂ ಎಡವುತ್ತಾನೆ, ಊರವರ ಮಾತಿಗೆ ತಲೆದೂಗುವವನೂ ಎಡವುತ್ತಾನೆ.

ನಾವು ನಿಂತಿರುವ ನೆಲ ಎಂಥದ್ದು ನೋಡಿ. ಹೆಚ್ಚಿನ ಓದಿನ ಕಥೆಯನ್ನೇ ಕಲ್ಲಿನಲ್ಲಿ ಕೊರೆದಿಟ್ಟ ನೆಲ ಇದು. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಂಬ ನಿಂತಿದೆ. ಐದನೇ ಶತಮಾನದ ಸಂಸ್ಕೃತ ಶಾಸನ. ಮಯೂರಶರ್ಮ ಎಂಬ ಬ್ರಾಹ್ಮಣ ಯುವಕ ತನ್ನ ಗುರು ವೀರಶರ್ಮನ ಜೊತೆ ಹೆಚ್ಚಿನ ಓದಿಗೆ ಪಲ್ಲವರ ಕಂಚಿಯ ಘಟಿಕೆಗೆ ಹೋದದ್ದು, ಅಲ್ಲಿ ಒಬ್ಬ ಕುದುರೆ ಸವಾರನ ಜೊತೆ ಜಗಳವಾಗಿ ಅವಮಾನಗೊಂಡದ್ದು, ಓದು ಬಿಟ್ಟು ಕತ್ತಿ ಹಿಡಿದದ್ದು, ಕದಂಬ ರಾಜ್ಯ ಹುಟ್ಟಿದ್ದು ಎಲ್ಲ ಅದರಲ್ಲಿದೆ. ಒಬ್ಬ ವಿದ್ಯಾರ್ಥಿಗೆ ಆದ ಒಂದು ಅವಮಾನ ಕಂಬವೇರಿ ಸಾವಿರದೈನೂರು ವರ್ಷ ನಿಂತಿದೆ! ಶಾಲೆಯ ಹೊಸ್ತಿಲಲ್ಲಿ ನಮ್ಮವರಿಗೆ ಆದ ಅವಮಾನಗಳನ್ನು ಕೊರೆಯಲು ಹೊರಟರೆ ಈ ತಾಲೂಕಿನ ಬಂಡೆಗಳೆಲ್ಲ ಸಾಲವು.

ಅಲ್ಲಿಂದ ಸ್ವಲ್ಪವೇ ದೂರ ಬಳ್ಳಿಗಾವಿ. ಅಲ್ಲಿನ ಕೋಡಿಯ ಮಠದ 1162ರ ಶಾಸನ ಆ ಮಠದಲ್ಲಿ ಏನೇನು ಓದುತ್ತಿದ್ದರು ಅನ್ನುವ ಪಟ್ಟಿಯನ್ನೇ ಕೊಡುತ್ತದೆ. ನಾಲ್ಕು ವೇದ, ವ್ಯಾಕರಣಗಳು, ದರ್ಶನಗಳು, ಪುರಾಣಗಳು. ದೀನರಿಗೆ, ಕುಂಟರಿಗೆ, ಕುರುಡರಿಗೆ ಅಲ್ಲಿ ಅನ್ನ ಸಿಗುತ್ತಿತ್ತು ಅಂತಲೂ ಹೇಳುತ್ತದೆ. ಒಳ್ಳೆಯದೇ. ಆದರೆ ವೇದ ಓದುವ ಜಾಗದಲ್ಲಿ ಹೊಲೆಯನ ಮಗನಿಗೆ, ಮಾದಿಗನ ಮಗಳಿಗೆ ಯಾವ ಮಣೆ ಹಾಕಿದ್ದರು ಅಂತ ಯಾವ ಪಂಡಿತರನ್ನೂ ಕೇಳಬೇಕಾಗಿಲ್ಲ. ಅನ್ನ ಹಾಕಿದರೂ ಅಕ್ಷರ ಹಾಕದ ಪರಂಪರೆ ಇದು. "ಸಾಕು" ಎಂಬ ಮಾತು ಆಗಲೇ ಹುಟ್ಟಿತ್ತು.

ಇದನ್ನು ಹೇಳಿದರೆ ಕೆಲವು ಜಾಣರು ಅಡ್ಡ ಹಾಕುತ್ತಾರೆ. "ಬಳ್ಳಿಗಾವಿಯ ಅಲ್ಲಮ ಯಾವ ಎಂ.ಎ. ಮಾಡಿದ್ದ? ಉಡುತಡಿಯ ಅಕ್ಕ ಯಾವ ಡಿಗ್ರಿ ತಗೊಂಡಿದ್ಲು?" ಅಂತ. ಹೌದು ಸ್ವಾಮಿ, ಅಲ್ಲಮನಿಗೆ ಡಿಗ್ರಿ ಇರಲಿಲ್ಲ. ಆದರೆ ನಿಮ್ಮ ಮಗನನ್ನು ಮಾತ್ರ ನೀವು ಅಲ್ಲಮನ ದಾರಿಗೆ ಬಿಡಲಿಲ್ಲ. ಶಿವಮೊಗ್ಗದಲ್ಲಿ ರೂಮು ಮಾಡಿಕೊಟ್ಟು ಕೋಚಿಂಗಿಗೆ ಕಳಿಸಿದಿರಿ. ಅಲ್ಲಮನ ಬಯಲು ನಮ್ಮ ಪಾಲಿಗೆ, ಪ್ರೊಫೆಸರ್ ಕುರ್ಚಿ ನಿಮ್ಮ ಪಾಲಿಗೆ! ಈ ಪಾಲುಪಟ್ಟಿಗೆ ನಾವು ಹೆಬ್ಬೆಟ್ಟು ಒತ್ತುವುದಿಲ್ಲ.

ಮೇಷ್ಟ್ರಾಗಿದ್ದುಕೊಂಡೇ ಮುಂದೆ ಓದಬೇಕೋ ಬೇಡವೋ ಎಂಬ ಪ್ರಶ್ನೆ ಬಾಬಾಸಾಹೇಬರ ಮುಂದೂ ನಿಂತಿತ್ತು. ಬರೋಡಾ ಸಂಸ್ಥಾನದ ವಿದ್ಯಾರ್ಥಿ ವೇತನದಲ್ಲಿ 1913ರಲ್ಲಿ ಅಮೆರಿಕಕ್ಕೆ ಹೋದವರು 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿದರು. ಅಲ್ಲಿಂದ ಲಂಡನ್ನಿಗೆ ಹೋಗಿ ಓದುತ್ತಿರುವಾಗಲೇ ವೇತನ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರೋಡಾದಲ್ಲಿ ಅಷ್ಟೆಲ್ಲ ಓದಿದವರಿಗೆ ತಲೆ ಮೇಲೆ ಸೂರು ಸಿಗಲಿಲ್ಲ. ಜಾತಿ ಮುಚ್ಚಿಟ್ಟು ತಂಗಿದ್ದ ಪಾರ್ಸಿ ಛತ್ರದಿಂದ ಹೊರಗೆ ಹಾಕಿದರು. ಕಚೇರಿಯ ಜವಾನರು ಫೈಲನ್ನು ದೂರದಿಂದ ಎಸೆದರು. 1918ರಲ್ಲಿ ಬೊಂಬಾಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದರು. ಅಲ್ಲಿಯೂ ಅಧ್ಯಾಪಕರ ನೀರಿನ ಹೂಜಿಯನ್ನು ಅವರು ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ತಕರಾರು ಎತ್ತಿದರು.

ಈಗ ಹೇಳಿ. ಕೊಲಂಬಿಯಾದ ಎಂ.ಎ. ಇತ್ತು, ಪ್ರೊಫೆಸರ್ ಹುದ್ದೆ ಇತ್ತು, ಸಂಬಳ ಇತ್ತು. "ಸಾಕು" ಅನ್ನಲು ಇದಕ್ಕಿಂತ ಬೇರೆ ಏನು ಬೇಕಿತ್ತು? ಅವರು ಸಾಕು ಅನ್ನಲಿಲ್ಲ. ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಗೆಳೆಯ ನವಲ್ ಭಥೇನಾ ಅವರಿಂದ 5,000 ರೂಪಾಯಿ ಸಾಲ ತಂದರು. 1920ರಲ್ಲಿ ಕೆಲಸ ಬಿಟ್ಟು ಮತ್ತೆ ಲಂಡನ್ ಹಡಗು ಹತ್ತಿದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಈ ಕಥೆಯನ್ನು ಏಪ್ರಿಲ್ 14ರಂದು ಹಾರ ಹಾಕಿ ಮರೆಯಲು ನಾವು ಹೇಳುತ್ತಿಲ್ಲ. ಇದರಲ್ಲಿ ಎರಡು ಪಾಠ ಇವೆ. ಒಂದು, ಅವರು ಆವೇಶಕ್ಕೆ ಬಿದ್ದು ಕೆಲಸ ಬಿಡಲಿಲ್ಲ. ದುಡಿದು, ಉಳಿಸಿ, ಸಾಲದ ದಾರಿ ನೋಡಿಕೊಂಡು ಆಮೇಲೆ ಬಿಟ್ಟರು. ಎರಡು, ಡಿಗ್ರಿ ಬಂದ ಕೂಡಲೇ ಜಾತಿ ಹೋಗುತ್ತದೆ ಎಂಬ ಭ್ರಮೆ ಅವರಿಗೆ ಬರೋಡಾದಲ್ಲೇ ಹರಿದುಹೋಗಿತ್ತು. ಜಾತಿಯ ಜೊತೆ ಬಡಿದಾಡಲು ಆಯುಧ ಬೇಕು ಅಂತಲೇ ಅವರು ಓದಿದರು.

ಇಲ್ಲಿಗೆ ಊರ ದೊಡ್ಡವರ ಜೊತೆ ಜಗಳ ಮುಗಿಯಿತು. ಈಗ ನಮ್ಮ ನಮ್ಮೊಳಗಿನ ಜಗಳ.

ನಮ್ಮ ನಡುವೆ ಇನ್ನೊಂದು ಜಾತಿಯ ಜನ ಎದ್ದಿದ್ದಾರೆ. ಅವರು "ಸಾಕು" ಅನ್ನುವುದಿಲ್ಲ, "ಏನಾದ್ರೂ ಒಂದು ಮಾಡ್ಕೋ" ಅನ್ನುತ್ತಾರೆ. ಯಾವ ವಿಷಯ? ಯಾವುದಾದ್ರೂ ಸರಿ, ಸುಲಭದ್ದು ನೋಡು. ಪುಸ್ತಕ? ಗೈಡ್ ಸಿಗುತ್ತೆ. ಅಸೈನ್‌ಮೆಂಟು? ದುಡ್ಡು ಕೊಟ್ರೆ ಬರ್ಕೊಡೋರು ಇದಾರೆ. ಪರೀಕ್ಷೆ? ಅಲ್ಲಿಗೂ ವ್ಯವಸ್ಥೆ ಆಗುತ್ತೆ. ಹೆಸರಿನ ಮುಂದೆ ಎಂ.ಎ. ಹಚ್ಚಿಕೊಂಡು ಮದುವೆ ಕಾಗದದಲ್ಲಿ ಅಚ್ಚು ಹಾಕಿಸಿದರೆ ಆಯ್ತು. ಇಂಥ ಎಂ.ಎ.ಗೆ ನಮ್ಮ ಧಿಕ್ಕಾರ ಇದೆ.

1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ರಾಜ್ಯವೇ ಹೊತ್ತಿ ಉರಿಯಿತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಹಾಸ್ಟೆಲ್ ಹುಡುಗರು ಹೊಡೆತ ತಿಂದರು. ಆ ಹೊಡೆತ ತಿಂದವರ ಮೊಮ್ಮಕ್ಕಳ ವಯಸ್ಸಿನ ನಾವು ಇವತ್ತು ಗೈಡ್ ಎಂಬ ಬೂಸಾ ತಿಂದು ಎಂ.ಎ. ಆದರೆ ಅವರ ಬೆನ್ನಿನ ಬಾಸುಂಡೆಗೆ ಏನು ಮರ್ಯಾದೆ ಉಳಿಯಿತು? ಯಾರೋ ಬರೆದಿಟ್ಟ ಉತ್ತರ ಉರು ಹೊಡೆಯುವುದು ನಮಗೆ ಬೇಕಾಗಿಲ್ಲ. ಉತ್ತರವನ್ನೇ ಪ್ರಶ್ನೆ ಮಾಡುವ ತಾಕತ್ತು ಬೇಕು.

ಹಾಗಾದರೆ ಎಂ.ಎ. ಯಾತಕ್ಕೆ? ಭಾವನೆ ಬದಿಗಿಟ್ಟು ಬಾಗಿಲುಗಳ ಲೆಕ್ಕ ಹಾಕೋಣ. ಪ್ರಾಥಮಿಕ ಶಾಲೆಗೆ ಎಂ.ಎ. ಬೇಕಿಲ್ಲ. ಹೈಸ್ಕೂಲಿಗೆ ಡಿಗ್ರಿ, ಬಿ.ಇಡಿ. ಸಾಕು. ಪಿ.ಯು. ಕಾಲೇಜಿನ ಉಪನ್ಯಾಸಕ ಆಗಬೇಕಾದರೆ ಪಾಠ ಮಾಡುವ ವಿಷಯದಲ್ಲೇ ಎಂ.ಎ. ಬೇಕು. ಹೈಸ್ಕೂಲಿನಿಂದ ಅಲ್ಲಿಗೆ ಬಡ್ತಿಯ ದಾರಿಯೂ ಇದೆ. ಡಿಗ್ರಿ ಕಾಲೇಜಿಗೆ ಎಂ.ಎ. ಒಂದೇ ಸಾಲದು, ನೆಟ್ ಅಥವಾ ಕೆ-ಸೆಟ್ ಬೇಕು. ಅದಕ್ಕೆ ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55, ಪರಿಶಿಷ್ಟರಿಗೆ ಶೇ. 50 ಅಂಕ ಇರಬೇಕು. ಜಸ್ಟ್ ಪಾಸ್ ಆದವನಿಗೆ ಆ ಬಾಗಿಲು ತೆರೆಯುವುದಿಲ್ಲ. ಗೈಡಿನ ಎಂ.ಎ. ಎಲ್ಲಿ ಬಂದು ಮುಗ್ಗರಿಸುತ್ತದೆ ಅಂದರೆ ಇಲ್ಲಿ. ಆದರೆ ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನೆಟ್‌ನಲ್ಲಿ ವಯಸ್ಸಿನ ಮಿತಿ ಇಲ್ಲ. "ಮೂವತ್ತೈದಾಯ್ತು, ಇನ್ನೇನು" ಅನ್ನುವ ಮೇಷ್ಟ್ರುಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಡಯಟ್, ಬಿ.ಇಡಿ. ಕಾಲೇಜಿನಲ್ಲಿ ಮೇಷ್ಟ್ರುಗಳಿಗೇ ಮೇಷ್ಟ್ರಾಗಬೇಕು ಅನ್ನುವವರಿಗೆ ಎಂ.ಇಡಿ. ದಾರಿ. ಎಂ.ಎ. ಬೇರೆ, ಎಂ.ಇಡಿ. ಬೇರೆ. ಯಾವ ಬಾಗಿಲು ಬೇಕು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಕೀಲಿಕೈ ಕೊಳ್ಳಿ.

ಈಗಾಗಲೇ 1ರಿಂದ 8ನೇ ತರಗತಿಗೆ ಪಾಠ ಮಾಡುತ್ತಿರುವ ಅಣ್ಣಂದಿರು, ಅಕ್ಕಂದಿರು ಇನ್ನೊಂದು ವಿಷಯ ಗಮನಿಸಬೇಕು. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ಕೊಟ್ಟ ತೀರ್ಪಿನ ಪ್ರಕಾರ, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿ.ಇ.ಟಿ. ಪಾಸಾಗಬೇಕು. ಅದು ಪಾಸಾಗದೇ ಇರುವವರು ಮೊದಲು ಅದನ್ನು ಮುಗಿಸಿಕೊಳ್ಳಿ. ಎಂ.ಎ. ಮಾಡಲು ಹೋಗಿ ಇರುವ ಅನ್ನದ ತಟ್ಟೆಗೆ ಕಲ್ಲು ಬೀಳಬಾರದು.

ಹಾಗೆಯೇ ಎಂ.ಎ. ಆದ ಕೂಡಲೇ ನೌಕರಿ ಕಾದು ಕೂತಿದೆ ಅಂತ ಯಾರೂ ತಿಳಿಯಬೇಡಿ. ಎಂ.ಎ. ಮಾಡಿ ಅತಿಥಿ ಉಪನ್ಯಾಸಕರಾದವರನ್ನು ಕೇಳಿ ನೋಡಿ. ಅತಿಥಿ! ಎಂಥ ಚೆಂದದ ಹೆಸರು! ಊಟಕ್ಕೆ ಎಲೆ ಹಾಕದ ಮನೆಯವರು ಇಟ್ಟ ಹೆಸರು. 2022ರ ಜನವರಿಯಲ್ಲಿ ಡಿಗ್ರಿ ಕಾಲೇಜುಗಳ ಅತಿಥಿಗಳಿಗೆ ಗೌರವಧನ ಏರಿಸಿದ ಸರ್ಕಾರ ವಾರದ ಪಾಠವನ್ನೂ 15 ಗಂಟೆಗೆ ಏರಿಸಿತು. ಇಬ್ಬರ ಕೆಲಸ ಒಬ್ಬರಿಗೆ ಬಂತು, ಇನ್ನೊಬ್ಬರು ಮನೆಗೆ ಹೋದರು. ಶಾಲೆಗಳ ಅತಿಥಿ ಶಿಕ್ಷಕರಿಗೆ 2025ರ ಬಜೆಟ್ಟಿನಲ್ಲಿ ತಿಂಗಳಿಗೆ 2,000 ರೂಪಾಯಿ ಏರಿಸಿದ್ದೇ ದೊಡ್ಡ ಸುದ್ದಿಯಾಯಿತು. ಬೇಸಿಗೆ ರಜೆಯಲ್ಲಿ ಆ ಮೇಷ್ಟ್ರು ಯಾರ ಹೊಲದಲ್ಲಿ ಕೂಲಿ ಮಾಡುತ್ತಾರೆ ಅನ್ನುವುದು ಯಾವ ಬಜೆಟ್ಟಿನಲ್ಲೂ ಬರುವುದಿಲ್ಲ. ಆದ್ದರಿಂದ ಕಾಯಂ ಕೆಲಸ ಕೈಯಲ್ಲಿರುವವರು ಎಂ.ಎ.ಗಾಗಿ ರಾಜೀನಾಮೆ ಬರೆಯಬೇಡಿ. ಇದು ನಮ್ಮ ಖಚಿತ ಮಾತು. ಊರವರು ಕಾಯುತ್ತಿರುವುದೇ ಆ ರಾಜೀನಾಮೆಗೆ.

ಹಾಗಾದರೆ ಹೇಗೆ ಓದಬೇಕು? ನಮ್ಮಲ್ಲಿ ಎರಡು ಥರದವರಿದ್ದಾರೆ, ಇಬ್ಬರಿಗೂ ಒಂದೇ ದಾರಿ ಆಗುವುದಿಲ್ಲ.

ಮೊದಲನೆಯವರು ಈಗ ಹಾಸ್ಟೆಲಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿರುವವರು. ಮನೆಯಲ್ಲಿ ಒಂದು ಗಂಜಿ ಹೇಗೋ ನಡೆಯುತ್ತದೆ ಅನ್ನುವ ಹಾಗಿದ್ದರೆ, ತಮ್ಮಂದಿರೇ, ತಂಗಿಯರೇ, ನೇರವಾಗಿ ಎಂ.ಎ.ಗೆ ಹೋಗಿ. 1987ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ. ಸೊರಬದಿಂದ ಅಲ್ಲಿಗೆ ನೂರು ಕಿಲೋಮೀಟರ್ ದಾಟುತ್ತದೆ, ದಿನಾ ಓಡಾಡುವ ಮಾತಲ್ಲ. ಹಾಸ್ಟೆಲಿಗೆ, ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿ ವೇತನಕ್ಕೆ ಸಕಾಲದಲ್ಲಿ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶ ಬರುವ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾಡಕಚೇರಿಯ ಸರ್ವರ್ ನಮ್ಮ ಕೊನೆಯ ದಿನಕ್ಕೇ ಕಾದು ಕೈಕೊಡುತ್ತದೆ. ಅಲ್ಲಿ ಗ್ರಂಥಾಲಯ ಇದೆ, ವಾದ ಮಾಡಲು ಗೆಳೆಯರು ಇರುತ್ತಾರೆ, ಗಿಡದ ಕೆಳಗೆ ಕೂತು ರಾತ್ರಿವರೆಗೆ ಜಗಳ ಆಡಬಹುದು. ಆ ಎರಡು ವರ್ಷ ಜೀವನದಲ್ಲಿ ಮತ್ತೆ ಬರುವುದಿಲ್ಲ.

ಎರಡನೆಯವರು ಸಂಬಳದ ಮೇಲೆ ಮನೆ ನಿಂತಿರುವ ಮೇಷ್ಟ್ರುಗಳು. ಇವರಿಗೆ ದೂರಶಿಕ್ಷಣವೇ ದಾರಿ. "ಕರಸ್ಪಾಂಡೆನ್ಸ್ ಎಂ.ಎ. ಅಷ್ಟೇ ತಾನೆ" ಎಂದು ಮೂಗು ಮುರಿಯುವವರಿಗೆ ಉತ್ತರ ಇದೆ. ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯು.ಜಿ.ಸಿ. 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟ ಮಾಡಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಒಂದೇ ಕಾಲಕ್ಕೆ ಎರಡು ಪದವಿ ಓದಲೂ ಅವಕಾಶ ಕೊಟ್ಟಿದೆ. ಆದರೆ "ಮಾನ್ಯತೆ ಇರುವ" ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆಯಿರಿ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಥೆ ಮರೆಯಬೇಡಿ. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಎಂದು ಯು.ಜಿ.ಸಿ. ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಫೀಸು ಕಟ್ಟಿ ಓದಿ ಆಗಿತ್ತು. ಸಾಲ ಮಾಡಿ ಕಟ್ಟಿದವರ ಅಂಕಪಟ್ಟಿ ಕೈಯಲ್ಲೇ ತಣ್ಣಗಾಯಿತು. ಮಾನ್ಯತೆ ಮತ್ತೆ ಬಂದದ್ದು 2018-19ರ ಸಾಲಿನಿಂದ. ಯಾರದೋ ಜಗಳಕ್ಕೆ ಬಡವರ ಮಕ್ಕಳ ವರ್ಷಗಳು ಹೋದವು. ಆದ್ದರಿಂದ ಯಾವುದೇ ವಿಶ್ವವಿದ್ಯಾಲಯ ಇರಲಿ, ಫೀಸು ಕಟ್ಟುವ ಮೊದಲು ಆ ವರ್ಷಕ್ಕೆ, ಆ ವಿಷಯಕ್ಕೆ ಮಾನ್ಯತೆ ಇದೆಯೋ ಇಲ್ಲವೋ ಎಂದು ಯು.ಜಿ.ಸಿ.ಯ ಪಟ್ಟಿಯಲ್ಲೇ ನೋಡಿ. ಬೋರ್ಡು ಹಾಕಿಕೊಂಡ ಸ್ಟಡಿ ಸೆಂಟರಿನವನ ಬಾಯಿಮಾತು ನಂಬಬೇಡಿ.

ಸರ್ಕಾರಿ ನೌಕರಿಯವರು ಇಲಾಖೆಯ ಅನುಮತಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ. ನಮ್ಮವರೊಬ್ಬರು ಎಂ.ಎ.ಗೆ ಅನುಮತಿ ಕೇಳಿದಾಗ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಅರ್ಜಿಯನ್ನು ಮೂರು ತಿಂಗಳು ಡ್ರಾಯರಿನಲ್ಲಿ ಇಟ್ಟುಕೊಂಡು, "ಎಸ್.ಸಿ. ಕೋಟಾದಲ್ಲಿ ಬಂದಾಗಿದೆ, ಇನ್ನೂ ಆಸೆ ಜಾಸ್ತಿ" ಅಂದದ್ದು ನಮಗೆ ಗೊತ್ತಿದೆ. ಡ್ರಾಯರಿಗೆ ಹೋಗುವ ಅರ್ಜಿಗೆ ಸ್ವೀಕೃತಿ ಸಹಿ ಹಾಕಿಸಿ ನಕಲು ಇಟ್ಟುಕೊಳ್ಳಿ. ಸಹಿ ಇರುವ ಕಾಗದಕ್ಕೆ ಮೇಲ್ಜಾತಿಯೂ ಹೆದರುತ್ತದೆ.

ಸಮಯ ಎಲ್ಲಿದೆ ಅನ್ನುತ್ತೀರಿ. ಈ ಮಾತು ಸುಳ್ಳಲ್ಲ. ಮೇಷ್ಟ್ರು ಅಂದರೆ ಈಗ ಪಾಠ ಒಂದು ಬಿಟ್ಟು ಎಲ್ಲ ಮಾಡುವವನು. ಬಿಸಿಯೂಟದ ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಮತದಾರರ ಪಟ್ಟಿ, ಆನ್‌ಲೈನ್ ಎಂಟ್ರಿ. 2025ರ ಸೆಪ್ಟೆಂಬರ್, ಅಕ್ಟೋಬರಿನ ಸಮೀಕ್ಷೆಗೆ ಮನೆ ಮನೆ ಸುತ್ತಿದವರೂ ಮೇಷ್ಟ್ರುಗಳೇ. ಆ ಎಣಿಕೆ ನಮಗೆ ಬೇಕು, ಬೇಡ ಅನ್ನುವುದಿಲ್ಲ. ಆದರೆ ಎಣಿಸುವವನಿಗೆ ಓದಲು ಬಿಡುವು ಬೇಡವೇ? ಒಬ್ಬೊಬ್ಬರೇ ಓದಿದರೆ ಇದು ಆಗದ ಮಾತು. ಶಿರಾಳಕೊಪ್ಪದಲ್ಲಿ ಐದು ಜನ, ಆನವಟ್ಟಿಯಲ್ಲಿ ಐದು ಜನ ಸೇರಿ. ಪುಸ್ತಕ ಹಂಚಿಕೊಂಡು ತನ್ನಿ. ಭಾನುವಾರ ಹಾಸ್ಟೆಲಿನ ಊಟದ ಹಾಲಿನಲ್ಲಿ ಕೂತು ಒಬ್ಬರು ಒಂದೊಂದು ಅಧ್ಯಾಯ ಪಾಠ ಮಾಡಿ. ನೀವು ಮೇಷ್ಟ್ರುಗಳು, ನಿಮಗೆ ಪಾಠ ಮಾಡಲು ಯಾರು ಕಲಿಸಬೇಕು? ಪಕ್ಕದಲ್ಲಿ ಕೂತು ಕೇಳುವ ಬಿ.ಎ. ಹುಡುಗನಿಗೂ ಎಂ.ಎ. ಅಂದರೆ ಭಯ ಹೋಗುತ್ತದೆ.

ವಿಷಯ ಯಾವುದು ತೆಗೆದುಕೊಳ್ಳಬೇಕು? ನಮ್ಮ ಹುಡುಗರಿಗೆ ಸಲಹೆ ಕೊಡುವವರು ಕಣ್ಣು ಮುಚ್ಚಿಕೊಂಡು ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಅನ್ನುತ್ತಾರೆ. ಈ ವಿಷಯಗಳ ಮೇಲೆ ನಮಗೆ ಕೋಪ ಇಲ್ಲ, ನಾವೇ ಕಲಾ ಪದವೀಧರರು. ಆದರೆ ಅರ್ಥಶಾಸ್ತ್ರ, ಇಂಗ್ಲಿಷು ನಮ್ಮ ಹುಡುಗರಿಗೆ ಕಷ್ಟ ಅಂತ ತೀರ್ಮಾನ ಮಾಡಿದವರು ಯಾರು? ಬಾಬಾಸಾಹೇಬರು ಓದಿದ್ದು ಅರ್ಥಶಾಸ್ತ್ರ. ಸುಲಭ ಎಂದು ಆರಿಸಬೇಡಿ, ಹೊಟ್ಟೆಯೊಳಗೆ ಪ್ರಶ್ನೆ ಇರುವ ವಿಷಯ ಆರಿಸಿ. ತಾಳಗುಂದದ ಕಂಬ ನೋಡಿ "ಇದನ್ನು ಹೊತ್ತು ತಂದವರು ಯಾರು?" ಎಂಬ ಪ್ರಶ್ನೆ ಎದ್ದರೆ ಇತಿಹಾಸ ಓದಿ. ಅವ್ವನ ಕೂಲಿ ಯಾಕೆ ಏರುವುದಿಲ್ಲ ಎಂಬ ಪ್ರಶ್ನೆ ಎದ್ದರೆ ಅರ್ಥಶಾಸ್ತ್ರ ಓದಿ.

ನಮ್ಮ ಅಕ್ಕತಂಗಿಯರ ಮಾತು ಬೇರೆಯೇ ಹೇಳಬೇಕು. ಅವರಿಗೆ "ಸಾಕು" ಎರಡು ಕಡೆಯಿಂದ ಬೀಳುತ್ತದೆ. ಊರವರದು ಒಂದು, ಮನೆಯವರದು ಇನ್ನೊಂದು. "ಅಷ್ಟೆಲ್ಲ ಓದಿದ್ರೆ ಗಂಡು ಎಲ್ಲಿ ಹುಡುಕೋದು?" ಸಭೆಯಲ್ಲಿ ಸಮಾನತೆ ಭಾಷಣ ಮಾಡಿದ ಅಣ್ಣನೇ ಮನೆಗೆ ಹೋಗಿ ಈ ಮಾತು ಹೇಳುತ್ತಾನೆ! 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆ ತೆರೆದು ಸೆಗಣಿ ಎಸೆತ ತಿಂದ ಸಾವಿತ್ರಿಬಾಯಿಯ ಫೋಟೋ ಗೋಡೆಗೆ ಹಾಕಿ, ತಂಗಿಯ ಅರ್ಜಿ ಹರಿಯುವವನು ಯಾವ ಚಳವಳಿಗಾರ? 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟು ತೆಗೆದರು, ಸರಿ. ನಮ್ಮ ಎಷ್ಟೋ ಊರುಗಳಿಗೆ ಬರುವುದು ಖಾಸಗಿ ಬಸ್ಸು, ಸಂಜೆಯ ಮೇಲೆ ಅದೂ ಇಲ್ಲ. ಆ ಹುಡುಗಿಯ ಎಂ.ಎ. ನಿಂತಿರುವುದು ಬುದ್ಧಿಯ ಕೊರತೆಯಿಂದ ಅಂತ ಯಾರೂ ಬಾಯಿ ಬಿಡಬಾರದು, ಬಸ್ಸಿನ ಕೊರತೆಯಿಂದ ಅಂತ ಹೇಳಬೇಕು.

ಕೊನೆಯದಾಗಿ, ಎಂ.ಎ. ಆದ ಮೇಲೆ ಏನು? ನಮ್ಮ ಜಿಲ್ಲೆಯ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಒಬ್ಬ ಮೇಷ್ಟ್ರು ಇದ್ದರು, ಪ್ರೊ. ಬಿ. ಕೃಷ್ಣಪ್ಪ. ಸಂಬಳ ಎಣಿಸಿಕೊಂಡು ಸುಮ್ಮನೆ ಇರಬಹುದಿತ್ತು. 1970ರ ದಶಕದಲ್ಲಿ ಅವರು ದಲಿತ ಸಂಘರ್ಷ ಸಮಿತಿ ಕಟ್ಟುವ ಮುಂಚೂಣಿಯಲ್ಲಿ ನಿಂತರು. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದ ಮುಂದೆ ದಲಿತ ಸಾಹಿತ್ಯದ ಗೋಷ್ಠಿ ಎಲ್ಲಿ ಎಂಬ ಪ್ರಶ್ನೆ ಎದ್ದಿತು. ಅಲ್ಲಿ ಸಿಗದ ಉತ್ತರವೇ ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆಗೆ ದಾರಿ ಮಾಡಿತು. 1986ರಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರನ್ನು, ಪೊಲೀಸರನ್ನು ಹಿಡಿದು ಹೊಡೆದು ಬೆತ್ತಲೆ ಮಾಡಿದರು. ಆ ಹೊಡೆತ ತಿಂದವರು "ಯಾಕೆ?" ಎಂದು ಕೇಳಲು ಕಲಿತವರು. ಓದು ಅಂದರೆ ಅದು. ಎಂ.ಎ. ಆದ ಕೂಡಲೇ ಶಿವಮೊಗ್ಗದಲ್ಲಿ ಸೈಟು ತಗೊಂಡು, ಮನೆ ಬಾಡಿಗೆಗೆ ಜಾತಿ ಮುಚ್ಚಿಟ್ಟು, ಕೇರಿಯ ಹುಡುಗ ಬಾಗಿಲು ತಟ್ಟಿದರೆ "ಮೇಷ್ಟ್ರು ಇಲ್ಲ" ಎಂದು ಒಳಗಿಂದ ಹೇಳಿಸುವವನ ಎಂ.ಎ. ಇದ್ದರೆಷ್ಟು, ಬಿಟ್ಟರೆಷ್ಟು? ಎಂ.ಎ. ಆದವನು ಕೇರಿಯ ಹತ್ತು ಹುಡುಗರನ್ನಾದರೂ ಡಿಗ್ರಿ ದಾಟಿಸಬೇಕು. ಅದೇ ಅವನ ಕಂತು.

ಇನ್ನು ಸರ್ಕಾರಕ್ಕೆ. ಈ ಎರಡು ತಾಲೂಕು ರಾಜ್ಯಕ್ಕೆ ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದಿಂದ 1990ರಲ್ಲಿ ಎಸ್. ಬಂಗಾರಪ್ಪ, ಶಿಕಾರಿಪುರದಿಂದ ಮತ್ತೆ ಮತ್ತೆ ಬಿ.ಎಸ್. ಯಡಿಯೂರಪ್ಪ. 2023ರಲ್ಲಿ ಸೊರಬದ ಶಾಸಕರೇ ಶಾಲಾ ಶಿಕ್ಷಣ ಮಂತ್ರಿಯಾದರು. ಕುರ್ಚಿಗೆ ನಮ್ಮ ಸೀಮೆ ಬೇಕು, ಓದಿಗೆ ಮಾತ್ರ ನಮ್ಮ ಮಕ್ಕಳು ಊರು ಬಿಡಬೇಕೇ? ನಮ್ಮ ಬೇಡಿಕೆಗಳು ಇವು:

1. ಮುಕ್ತ ವಿಶ್ವವಿದ್ಯಾಲಯದ ಎಂ.ಎ. ಸಂಪರ್ಕ ತರಗತಿಗಳು ಶಿಕಾರಿಪುರ, ಸೊರಬ ಎರಡೂ ಕಡೆ ಭಾನುವಾರ ನಡೆಯಲಿ.

2. ಹಾಸ್ಟೆಲುಗಳ ಗ್ರಂಥಾಲಯಕ್ಕೆ ಎಂ.ಎ., ನೆಟ್, ಕೆ-ಸೆಟ್ ಪುಸ್ತಕ ಬರಲಿ. ಹಾಸ್ಟೆಲಿನಲ್ಲಿ ಓದಿ ಮೇಷ್ಟ್ರಾದವರಿಗೂ ರಾತ್ರಿ ಕೂತು ಓದಲು ಬಾಗಿಲು ತೆರೆದಿರಲಿ.

3. ವ್ಯಾಸಂಗ ರಜೆ ನಿಯಮದ ಪುಸ್ತಕದಲ್ಲಿ ಮಲಗಿದೆ. ಹಳ್ಳಿ ಶಾಲೆಯ ಪರಿಶಿಷ್ಟ ಜಾತಿ, ಪಂಗಡದ ಶಿಕ್ಷಕರಿಗೆ ಅದು ಕೈಗೆ ಸಿಗಲಿ. ಪರೀಕ್ಷೆಯ ದಿನ ಬೇರೆ ಡ್ಯೂಟಿ ಹಾಕುವ ಚಾಳಿ ನಿಲ್ಲಲಿ.

4. ಅತಿಥಿ ಎಂಬ ಹೆಸರಿನ ಜೀತ ಹೋಗಲಿ. ದುಡಿಸಿಕೊಳ್ಳುವವರಿಗೆ ಹನ್ನೆರಡು ತಿಂಗಳ ಸಂಬಳ ಕೊಡಲಿ.

5. ಎಂ.ಎ. ಓದುವ ಹೆಣ್ಣುಮಕ್ಕಳಿಗೆ ಹಾಸ್ಟೆಲಿನಲ್ಲಿ ಜಾಗ, ಸಂಜೆ ಏಳರ ನಂತರವೂ ಸರ್ಕಾರಿ ಬಸ್ಸು ಸಿಗಲಿ.

ಗೆಳೆಯರೇ, ಬೇಡಿಕೆ ಈಡೇರುವವರೆಗೆ ಓದು ಕಾಯುವುದಿಲ್ಲ. ಈ ವರ್ಷದ ಅರ್ಜಿ ಈ ವರ್ಷವೇ ಹಾಕಿ. ಮನೆಯಲ್ಲಿ ಅವ್ವನ ಮುಂದೆ ಕೂತು ಸಂಬಳ ಇಷ್ಟು, ಫೀಸು ಇಷ್ಟು, ಉಳಿಯುವುದು ಇಷ್ಟು ಎಂದು ಲೆಕ್ಕ ಹೇಳಿ. ಅವಳು ಒಪ್ಪುತ್ತಾಳೆ. ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾದವಳು ಅವಳು. "ಸಾಕು" ಎಂಬ ಮಾತಿನ ನಿಜವಾದ ಅರ್ಥ ಅವಳಿಗೆ ಗೊತ್ತು. ಸಾಕಾಗಿರುವುದು ಓದು ಅಲ್ಲ, ಗುಲಾಮಗಿರಿ.

ಶಿಕ್ಷಣ! ಸಂಘಟನೆ! ಹೋರಾಟ!

ಜೈ ಭೀಮ್!